ಅಂಟು ಬಿಟ್ಟ ಲಕೋಟೆ

ಹೊಸನಗರದ ಗೆಳೆಯರೇ,

ನಿಮ್ಮ ಪತ್ರ ಶನಿವಾರ ಕೈ ಸೇರಿತು. ಮಳೆಗೆ ತೊಯ್ದು ಲಕೋಟೆಯ ಅಂಟು ಪೂರ್ತಿ ಬಿಟ್ಟಿತ್ತು. ಒಳಗಿನ ಕಾಗದ ಬೀಳದಿರಲಿ ಅಂತ ಅಂಚೆಯಣ್ಣ ರಬ್ಬರ್ ಬ್ಯಾಂಡ್ ಹಾಕಿ ತಂದುಕೊಟ್ಟರು.

ಕದ್ದಾಲಿಕೆ ಕಾನೂನು ತಿದ್ದಬೇಕೆಂದು ನೀವು ಸಹಿ ಸಂಗ್ರಹಿಸುತ್ತಿದ್ದೀರಿ. ಈಗ ದೊಡ್ಡ ಕಂಪನಿಯ ಜಾಲತಾಣ ಬಿಟ್ಟು ಮಾಸ್ಟೊಡಾನ್‌ಗೆ ಹೋಗುವ ಯೋಚನೆ. ಅದೂ ಒಂದು ಸಾಮಾಜಿಕ ಜಾಲತಾಣವೇ, ಆದರೆ ಒಂದೇ ಕಂಪನಿಯದ್ದಲ್ಲ; ಬೇರೆ ಬೇರೆ ಜನ ತಮ್ಮದೇ ಸರ್ವರ್, ಅಂದರೆ ಖಾತೆಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್, ನಡೆಸುತ್ತಾರೆ. "ಅಲ್ಲಿ ಯಾರೂ ಇಣುಕಲ್ಲ ಅಲ್ವಾ? ಯಾವ ಸರ್ವರ್ ಆರಿಸಲಿ?" ಎಂದು ಕೇಳಿದ್ದೀರಿ.

ಖಂಡಿತ ಹೋಗಿ. ಯಾರೂ ಇಣುಕಲ್ಲ ಅನ್ನೋ ಧೈರ್ಯದಲ್ಲಿ ಮಾತ್ರ ಹೋಗಬೇಡಿ. 2016ರಲ್ಲಿ ಶುರುವಾದ ಮಾಸ್ಟೊಡಾನ್ ನಮ್ಮ ಮಲೆನಾಡಿನ ಊರಿದ್ದ ಹಾಗೆ. ಮನೆಗಳು ದೂರ ದೂರ, ಪ್ರತಿ ಮನೆಗೂ ತನ್ನದೇ ಅಬ್ಬಿ ನೀರು. ನಡುವೆ ಸಂಕ ಇದೆ, ಹೋಗಿ ಬರಬಹುದು. ಒಂದು ಸರ್ವರ್ ಹಿಡಿಸದಿದ್ದರೆ ಹಿಂಬಾಲಕರ ಸಮೇತ ಇನ್ನೊಂದಕ್ಕೆ ಹೋಗಬಹುದು. ಹಳೆಯ ಬರಹ ಅಲ್ಲೇ ಉಳಿಯುತ್ತದೆ, ಅಷ್ಟೆ. ಆದರೆ ಅಲ್ಲಿನ ಖಾಸಗಿ ಸಂದೇಶಕ್ಕೆ ಬೀಗವಿಲ್ಲ, ನಿಮ್ಮ ಅಂಟು ಬಿಟ್ಟ ಲಕೋಟೆಯ ಹಾಗೆ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಹಾಗಾಗಿ ಆ ಅಂಚೆಯಣ್ಣ ಎಂಥವರು ಅಂತ ನೋಡಿ ಆರಿಸಿ. ಯಾರು ನಡೆಸುತ್ತಾರೆ, ಯಾವ ದೇಶದಲ್ಲಿ, ಖರ್ಚು ಯಾರು ಕೊಡುತ್ತಾರೆ ಎಂದು ವಿಚಾರಿಸಿ. ಸಹಿ ಹಾಕಿದವರ ಹೆಸರು, ನಂಬರ್ ಅಲ್ಲಿ ಕಳಿಸಲೇಬೇಡಿ. ಅದಕ್ಕೆ ಸಿಗ್ನಲ್ ಅನ್ನೋ ಆ್ಯಪ್ ಇದೆ, ಅದರಲ್ಲಿ ಸಂದೇಶಕ್ಕೆ ಬೀಗವಿದೆ.

ನನ್ನನ್ನು ಜಾಸ್ತಿ ಕಾಡುವುದು ಕಾನೂನು. 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪ ಬಂದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ನಮ್ಮ ಸಿದ್ದಾಪುರ ಸೀಮೆಯವರು. ಆಗ ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದವರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಷ್ಟಾದರೂ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಕದ್ದಾಲಿಸುವ ಅಧಿಕಾರ ಹಾಗೇ ಉಳಿದುಕೊಂಡಿದೆ. ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಅದು ಸರಿಯೇ ಎಂದು ನೋಡುವ ಸಮಿತಿಯಲ್ಲೂ ಸರ್ಕಾರದ ಅಧಿಕಾರಿಗಳೇ. ಒಮ್ಮೆಗೆ 60 ದಿನ, ಮುಂದುವರಿಸಿ 180 ದಿನದವರೆಗೆ. ಇದರಲ್ಲಿ ಎಲ್ಲೂ ಒಬ್ಬ ನ್ಯಾಯಾಧೀಶರಿಲ್ಲ. ಯಾರ ಮಾತು ಕೇಳಿದರೋ ಅವರಿಗೆ ಆಮೇಲಾದರೂ ತಿಳಿಸಬೇಕೆಂಬ ನಿಯಮವೂ ಇಲ್ಲ. ಯಾವ ಸರ್ವರ್‌ಗೆ ಹೋದರೂ ಈ ಕಾನೂನು ನಮ್ಮ ಮೇಲೇ ಇರುತ್ತದೆ.

ನಿಮ್ಮ ಮನವಿ ಓದಿದೆ. ನ್ಯಾಯಾಧೀಶರ ಒಪ್ಪಿಗೆ ಬೇಕು ಅನ್ನೋ ಬೇಡಿಕೆ ಮೂರನೇ ಪುಟದಲ್ಲಿದೆ. ಅದನ್ನು ಮೊದಲ ಸಾಲಿಗೆ ತನ್ನಿ. ಹಳೆಯ ಖಾತೆಯನ್ನೂ ಸದ್ಯಕ್ಕೆ ಮುಚ್ಚಬೇಡಿ, ಸಂತೆಯಲ್ಲಿ ನಿಮಗೆ ಸಹಿ ಹಾಕಿದವರು ಇನ್ನೂ ಆ ಹಳೆಯ ಜಾಲತಾಣದಲ್ಲೇ ಇದ್ದಾರೆ. ತಿದ್ದಿದ ಪ್ರತಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ.

– ಸಂಪಾದಕ