ಇನ್ನೂ ಒಂದೂ ಪಂದ್ಯ ಆಡದ ಹುಡುಗನ ಮೇಲೆ ಇಷ್ಟೊಂದು ಜಗಳ ಯಾಕೆ?

ನೀವು ಕೇಳಿದ್ದು ಇದು. ಮೆಲ್ಬರ್ನ್‌ಗೆ ಬಂದು ಆರು ತಿಂಗಳಾಗಿದೆ, ಆಫೀಸಿನಲ್ಲಿ ಎಲ್ಲರಿಗೂ ಫುಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಹುಚ್ಚು, ನೀವೂ ಒಂದು ಕ್ಲಬ್ ಹಿಡಿದಿದ್ದೀರಿ. ನವೆಂಬರ್ ಡ್ರಾಫ್ಟ್‌ನಲ್ಲಿ ಆ ಕ್ಲಬ್ 18 ವರ್ಷದ ಒಬ್ಬ ಎತ್ತರದ ಫಾರ್ವರ್ಡ್ ಹುಡುಗನನ್ನು ಆರಿಸಿಕೊಂಡಿತು. ಮರುದಿನದಿಂದಲೇ ಅರ್ಧ ಜನ ಇವನೇ ನಮ್ಮನ್ನು ಉದ್ಧಾರ ಮಾಡೋನು ಅಂತಿದ್ದಾರೆ. ಇನ್ನರ್ಧ ಜನ ಒಳ್ಳೆ ಪಿಕ್ ದಂಡ ಮಾಡಿದರು ಅಂತಿದ್ದಾರೆ. ಯಾರ ಮಾತು ನಂಬಲಿ?

ಯಾರದ್ದೂ ಬೇಡ. ಇನ್ನೊಂದು ನಾಲ್ಕು ವರ್ಷ ಬೇಡ. ನಾನು 2008ರಿಂದ ಈ ಊರಿನಲ್ಲಿದ್ದೇನೆ, ಬಂದ ವರ್ಷವೇ ಮೆಲ್ಬರ್ನ್ ಡೀಮನ್ಸ್ ಕ್ಲಬ್‌ಗೆ ಮನಸ್ಸು ಕೊಟ್ಟೆ. ಹಾಗಾಗಿ ಈ ವಿಷಯದಲ್ಲಿ ನನಗೆ ಹೇಳೋಕೆ ತುಂಬಾ ಇದೆ.

ಮೊದಲು ಡ್ರಾಫ್ಟ್ ಬಗ್ಗೆ ಎರಡು ಮಾತು. ಇದು ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗಿ ಆಟಗಾರರನ್ನು ಕೊಳ್ಳುವುದಲ್ಲ, ಕ್ಲಬ್‌ಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಸುಮಾರಾಗಿ ಹೇಳುವುದಾದರೆ, ಆ ವರ್ಷ ಕೊನೆಯ ಸ್ಥಾನದಲ್ಲಿ ನಿಂತ ತಂಡಕ್ಕೆ ಮೊದಲ ಆಯ್ಕೆ. ಅಂದರೆ ಒಂದನೇ ಪಿಕ್ ಸಿಗುವುದು ಜಾಸ್ತಿ ನೊಂದ ಅಭಿಮಾನಿಗಳಿಗೆ. ವರ್ಷವಿಡೀ ಸೋತು, ಚಳಿಯಲ್ಲಿ ಕೂತು, ಮಕ್ಕಳಿಗೆ ಸಮಾಧಾನ ಹೇಳಿ ಮನೆಗೆ ಬಂದವರು ಅವರು. ಅಂಥವರ ಕೈಗೆ ಒಂದು ಹುಡುಗನ ಹೆಸರು ಸಿಕ್ಕರೆ ಬಿಡುತ್ತಾರಾ? ಅವನು ಅಂಡರ್-18ರಲ್ಲಿ ಹೊಡೆದ ಗೋಲುಗಳ ಮೂರು ನಿಮಿಷದ ವಿಡಿಯೋವನ್ನು ಮೂವತ್ತು ಸಲ ನೋಡುತ್ತಾರೆ. ಆ ವಿಡಿಯೋದಲ್ಲಿ ಅವನು ಕೈಬಿಟ್ಟ ಒಂದು ಚೆಂಡೂ ಇರುವುದಿಲ್ಲ.

ಅದರಲ್ಲೂ ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು ಅಂದರೆ, ಆಸೆ ಇನ್ನೂ ಜಾಸ್ತಿ. ಒಂದು ಗೋಲಿಗೆ 6 ಪಾಯಿಂಟ್, ಅದನ್ನು ಹೊಡೆಯುವವನೇ ಕಣ್ಣಿಗೆ ಬೀಳುತ್ತಾನೆ. ಆದರೆ ಮೈದಾನದಲ್ಲಿ ತೀರಾ ನಿಧಾನವಾಗಿ ಪಳಗುವವರು ಈ ಎತ್ತರದ ಫಾರ್ವರ್ಡ್‌ಗಳೇ. ಯಾಕೆ ಅಂತ ಒಮ್ಮೆ ಯೋಚನೆ ಮಾಡಿ. ಮಧ್ಯದಲ್ಲಿ ಆಡುವ ಹುಡುಗ ಚೆಂಡು ಇರುವ ಕಡೆ ತಾನೇ ಓಡಬಹುದು, ಒಂದು ಪಂದ್ಯದಲ್ಲಿ ಇಪ್ಪತ್ತು ಸಲ ಮುಟ್ಟಬಹುದು. ಫಾರ್ವರ್ಡ್ ಕಾಯಬೇಕು. ಚೆಂಡು ಅವನ ತನಕ ಬರಬೇಕು, ಚೆನ್ನಾಗಿ ಬರಬೇಕು. ಬರುವ ಹೊತ್ತಿಗೆ ಬೆನ್ನ ಹಿಂದೆ ಇಪ್ಪತ್ತೇಳು ಇಪ್ಪತ್ತೆಂಟು ವರ್ಷದ ಡಿಫೆಂಡರ್ ಒಬ್ಬ ಸೊಂಟಕ್ಕೆ ಮೊಣಕೈ ಕೊಟ್ಟು ತಳ್ಳುತ್ತಿರುತ್ತಾನೆ. ಆ ಮನುಷ್ಯನ ಮೈ ಹತ್ತು ವರ್ಷ ಜಿಮ್ಮಿನಲ್ಲಿ ಗಟ್ಟಿಯಾದದ್ದು. ಹುಡುಗ ಇನ್ನೂ ಬೆಳೆಯುತ್ತಿದ್ದಾನೆ. ಸೋಲುವ ತಂಡದಲ್ಲಂತೂ ಚೆಂಡು ಅವನ ಕಡೆ ಬರುವುದೇ ಅಪರೂಪ. ಇಡೀ ಪಂದ್ಯಕ್ಕೆ ಐದು ಸಲ ಸಿಕ್ಕಿ, ಎರಡು ಸಲ ಗುರಿ ತಪ್ಪಿದರೆ ಸಾಕು, ಜನ "ಸಾಫ್ಟ್" ಅನ್ನುತ್ತಾರೆ. ಫುಟಿಯಲ್ಲಿ ಇದಕ್ಕಿಂತ ಚುಚ್ಚುವ ಮಾತಿಲ್ಲ. ಹೆದರುಪುಕ್ಕಲ ಅಂತ ಅರ್ಥ.

ಜ್ಯಾಕ್ ವಾಟ್ಸ್ ಹೆಸರು ಕೇಳಿದ್ದೀರಾ? 2008ರಲ್ಲಿ ಡೀಮನ್ಸ್ ಮೂರೇ ಪಂದ್ಯ ಗೆದ್ದು ಕೊನೆಯಲ್ಲಿ ನಿಂತಿತ್ತು. ಕಪ್ ಗೆದ್ದು 44 ವರ್ಷ ಆಗಿತ್ತು. ಆ ವರ್ಷದ ಒಂದನೇ ಪಿಕ್ ಈ ವಾಟ್ಸ್. 196 ಸೆಂಟಿಮೀಟರ್ ಎತ್ತರ, ಬ್ಯಾಸ್ಕೆಟ್‌ಬಾಲ್ ಆಡಿದ ಕೈ, ಓಡಿದರೆ ನೋಡೋಕೇ ಚಂದ. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜ 1964ರ ಕಪ್ ನೋಡಿದವರು. ಡ್ರಾಫ್ಟ್ ಮರುದಿನ ಪೇಪರ್ ಹಿಡಿದುಕೊಂಡು ನಮ್ಮ ಗೇಟಿನ ಹತ್ತಿರ ಬಂದು, "ನಾನು ಸಾಯೋದರೊಳಗೆ ಇನ್ನೊಂದು ನೋಡ್ತೀನಿ" ಅಂದಿದ್ದರು.

2009ರ ಜೂನ್ 8, ಸೋಮವಾರ, ರಾಣಿಯ ಹುಟ್ಟುಹಬ್ಬದ ರಜೆ. ಎಂಸಿಜಿಯಲ್ಲಿ ಕಾಲಿಂಗ್‌ವುಡ್ ವಿರುದ್ಧ ಪಂದ್ಯ, ಕ್ಲಬ್‌ಗೆ ವರ್ಷದ ಅತಿ ದೊಡ್ಡ ದಿನ. ವಾಟ್ಸ್ ಅವತ್ತು ಮೊದಲ ಸಲ ಇಳಿದ. ಆಗ ಅವನು 12ನೇ ತರಗತಿ ಓದುತ್ತಿದ್ದ. ನಾವು ಸಾವಿರಾರು ಜನ ಎದ್ದು ನಿಂತು ಕೂಗಿದೆವು. ಚೆಂಡು ಅವನ ಕೈಗೆ ಬಂದದ್ದೇ ತಡ, ಕಾಲಿಂಗ್‌ವುಡ್‌ನವರು ಒಬ್ಬರ ಮೇಲೊಬ್ಬರು ಬಿದ್ದು ಅವನನ್ನು ನೆಲಕ್ಕೆ ಹಾಕಿದರು. ಎದುರು ಕಡೆಯ ಜನ ಕುಣಿದಾಡಿದರು. ನಮ್ಮ ಕಡೆ ಎಲ್ಲರೂ ಗಪ್‌ಚುಪ್. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಆಮೇಲೆ ನಡೆದದ್ದು ಇನ್ನೂ ನೋವಿನದ್ದು. ಅವನಿಗೆ ಬಯ್ದವರು ಎದುರಾಳಿಗಳು ಮಾತ್ರ ಅಲ್ಲ, ನಮ್ಮವರೂ ಬಯ್ದರು. ಅದೇ ಡ್ರಾಫ್ಟ್‌ನ ಎರಡನೇ ಪಿಕ್ ನಿಕ್ ನೈಟನುಯಿ ವೆಸ್ಟ್ ಕೋಸ್ಟ್ ಕ್ಲಬ್‌ಗೆ ಹೋಗಿ ಆಕಾಶಕ್ಕೆ ಹಾರುತ್ತಿದ್ದ. ಪ್ರತಿ ವಾರ ಇವನನ್ನು ಅವನ ಪಕ್ಕ ಇಟ್ಟು ತೂಗುತ್ತಿದ್ದರು. ಆದರೆ ಕ್ಲಬ್ ಹೇಗಿತ್ತು ಅಂತ ಯಾರೂ ನೋಡಲಿಲ್ಲ. 2011ರಲ್ಲಿ ನಾವು ಜಿಲಾಂಗ್ ಎದುರು 186 ಪಾಯಿಂಟ್‌ನಿಂದ ಸೋತೆವು, ಕೋಚ್ ಕೆಲಸ ಹೋಯಿತು. ಒಂಬತ್ತು ಸೀಸನ್‌ಗಳಲ್ಲಿ ವಾಟ್ಸ್ ಆರು ಕೋಚ್‌ಗಳ ಕೈಯಲ್ಲಿ ಆಡಿದ, ಮಧ್ಯೆ ಬಂದ ಹಂಗಾಮಿಗಳೂ ಸೇರಿ. ಒಬ್ಬರು ಮುಂದೆ ನಿಲ್ಲಿಸಿದರು, ಒಬ್ಬರು ಹಿಂದೆ ಕಳಿಸಿದರು. ಯಾವ ಸಸಿಯನ್ನಾದರೂ ಹೀಗೆ ಕಿತ್ತು ಕಿತ್ತು ನೆಟ್ಟರೆ ಬೇರು ಎಲ್ಲಿ ಹಿಡಿಯುತ್ತೆ?

2017ರಲ್ಲಿ ಅದೇ ರಜೆ, ಅದೇ ಮೈದಾನ, ಅದೇ ಕಾಲಿಂಗ್‌ವುಡ್. ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಹೊಡೆದವನು ಇದೇ ವಾಟ್ಸ್. 4 ಪಾಯಿಂಟ್‌ನಿಂದ ಗೆದ್ದೆವು. ನಾನು ಅತ್ತುಬಿಟ್ಟೆ. ಆ ವರ್ಷದ ಕೊನೆಗೆ ಕ್ಲಬ್ ಅವನನ್ನು ಪೋರ್ಟ್ ಅಡಿಲೇಡ್‌ಗೆ ಕೊಟ್ಟಿತು. 2021ರಲ್ಲಿ ನಮಗೆ ಕಪ್ ಬಂದಾಗ ಅವನು ಆಟದಿಂದಲೇ ನಿವೃತ್ತನಾಗಿದ್ದ. ಅವನನ್ನು ಸೋತವನು ಅಂತ ನನ್ನ ಎದುರು ಯಾರಾದರೂ ಹೇಳಿದರೆ ನಾನು ಸುಮ್ನೆ ಇರುವುದಿಲ್ಲ. ಅವನ ಮೇಲೆ ನಾವು ಹೊರಿಸಿದ್ದು ಹದಿನೆಂಟರ ಹುಡುಗ ಹೊರುವ ಭಾರವಲ್ಲ.

ಇನ್ನೊಂದು ಡ್ರಾಫ್ಟ್ ನೋಡಿ, 2020ರದ್ದು. ಮೊದಲ ಎರಡೂ ಪಿಕ್ ಎತ್ತರದ ಹುಡುಗರೇ. ಒಂದನೆಯವನು ಜಮಾರಾ ಯೂಗಲ್-ಹೇಗನ್, ವೆಸ್ಟರ್ನ್ ಬುಲ್‌ಡಾಗ್ಸ್‌ಗೆ. ಎರಡನೆಯವನು ರೈಲಿ ಥಿಲ್‌ಥೋರ್ಪ್, ಅಡಿಲೇಡ್‌ಗೆ. ಥಿಲ್‌ಥೋರ್ಪ್ 2021ರ ಏಪ್ರಿಲ್‌ನಲ್ಲಿ ಮೊದಲ ಪಂದ್ಯದಲ್ಲೇ 5 ಗೋಲು ಹೊಡೆದ. ಅಡಿಲೇಡ್ ಜನ ಹುಚ್ಚೆದ್ದು ಕುಣಿದರು. ಇತ್ತ ಜಮಾರಾಗೆ ಜುಲೈವರೆಗೂ ಅವಕಾಶ ಸಿಗಲಿಲ್ಲ, ಬುಲ್‌ಡಾಗ್ಸ್ ಜನ ಆಗಲೇ ತಾಳ್ಮೆ ಕಳೆದುಕೊಂಡಿದ್ದರು. ಆದರೆ ಆ ಐದು ಗೋಲಿನ ದಿನ ಥಿಲ್‌ಥೋರ್ಪ್‌ನ ಮುಂದಿನ ದಾರಿಯನ್ನೇನೂ ಹೇಳಲಿಲ್ಲ. ಮೊಣಕಾಲು ಪೆಟ್ಟಾಯಿತು, ಏಳುಬೀಳು ಇತ್ತು. ಅಡಿಲೇಡ್ 2025ರಲ್ಲಿ ಅಂಕಪಟ್ಟಿಯ ತುದಿಗೆ ಏರಿದಾಗ ಫಾರ್ವರ್ಡ್ ಸಾಲಿನ ನಡುಗಂಬ ಅವನೇ ಆಗಿದ್ದ. ಲೆಕ್ಕ ಹಾಕಿ, ಐದನೇ ಸೀಸನ್.

ಜಮಾರಾ ಅನುಭವಿಸಿದ್ದು ಬರೀ ಆಟದ ಟೀಕೆ ಅಲ್ಲ. ಅವನು ಮೂಲನಿವಾಸಿ ಹುಡುಗ. 2023ರ ಮಾರ್ಚ್‌ನಲ್ಲಿ ಒಂದು ಪಂದ್ಯದ ವೇಳೆ ಪ್ರೇಕ್ಷಕರ ಕಡೆಯಿಂದ ಅವನಿಗೆ ಜನಾಂಗೀಯ ಬೈಗುಳ ಬಂತು. ಮುಂದಿನ ಪಂದ್ಯ ಬ್ರಿಸ್ಬೇನ್ ಎದುರು. ಗೋಲು ಹೊಡೆದು, ಜೆರ್ಸಿ ಎತ್ತಿ, ತನ್ನ ಚರ್ಮದ ಕಡೆ ಬೆರಳು ತೋರಿಸಿದ. 1993ರಲ್ಲಿ ಇಂಥದ್ದೇ ಬೈಗುಳಕ್ಕೆ ಉತ್ತರವಾಗಿ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ನಿಂತಿದ್ದ ಹಾಗೆಯೇ ನಿಂತ. ಅವತ್ತು 5 ಗೋಲು. ಅವನಿಗೆ ಇನ್ನೂ 21 ತುಂಬಿರಲಿಲ್ಲ. ನಾವು ಬೇರೆ ಊರಿಂದ ಬಂದು ಇಲ್ಲಿ ಈ ಆಟ ಕಲಿತವರು, ನಮಗೆ ಈ ಕಥೆ ಗೊತ್ತಿರಲೇಬೇಕು. ಸ್ಟ್ಯಾಂಡ್‌ನಲ್ಲಿ ನಿಮ್ಮ ಪಕ್ಕದವನು ಅಂಥ ಮಾತು ಆಡಿದರೆ ಅಲ್ಲೇ ಎದ್ದು ಸಿಬ್ಬಂದಿಗೆ ಹೇಳಿ.

ಹಾಗಂತ ಹುಡುಗನ ಬಗ್ಗೆ ಮಾತಾಡಲೇಬಾರದು ಅಂತಲ್ಲ. ಆಸೆ ಇಟ್ಟುಕೊಳ್ಳಿ. ಆಸೆ ಇಲ್ಲದೆ ಯಾರು ತಾನೇ ಜೂನ್ ಮಳೆಯಲ್ಲಿ ಹೋಗಿ ಕೂರುತ್ತಾರೆ? ಲ್ಯಾನ್ಸ್ "ಬಡ್ಡಿ" ಫ್ರಾಂಕ್ಲಿನ್ 2004ರಲ್ಲಿ ಐದನೇ ಪಿಕ್. ನಾಲ್ಕು ವರ್ಷದ ಮೇಲೆ, 2008ರಲ್ಲಿ, ನೂರು ಗೋಲು ದಾಟಿದ. 2022ರಲ್ಲಿ ಸಾವಿರನೇ ಗೋಲು ಹೊಡೆದಾಗ ಸಿಡ್ನಿಯಲ್ಲಿ ಜನ ಬೇಲಿ ಹಾರಿ ಮೈದಾನದ ತುಂಬಾ ಓಡಿ ಬಂದರು. ಅಂಥದ್ದೂ ಆಗುತ್ತೆ.

ಆದರೆ ಗೋಲು ಎಣಿಸಬೇಡಿ. ಚೆಂಡು ದೂರ ಇದ್ದಾಗ ಹುಡುಗ ಏನು ಮಾಡುತ್ತಾನೆ ನೋಡಿ. ಓಡಿ ಜಾಗ ಮಾಡಿಕೊಳ್ಳುತ್ತಾನಾ? ಕ್ಯಾಚ್ ತಪ್ಪಿದ ಮೇಲೆ ತಲೆ ಮೇಲೆ ಕೈ ಇಟ್ಟು ನಿಲ್ಲುತ್ತಾನಾ, ಇಲ್ಲ ಚೆಂಡು ಹಿಡಿದವನನ್ನು ಅಟ್ಟಿಸಿಕೊಂಡು ಹೋಗುತ್ತಾನಾ? ಇದು ಟಿವಿಯಲ್ಲಿ ಕಾಣುವುದಿಲ್ಲ. ಅದಕ್ಕೇ ನಾನು ನಮ್ಮ ಎರಡನೇ ತಂಡದ ಪಂದ್ಯಗಳಿಗೆ ಕ್ರ್ಯಾನ್‌ಬೋರ್ನ್‌ನ ಕೇಸಿ ಫೀಲ್ಡ್ಸ್‌ಗೆ ಹೋಗುತ್ತೇನೆ. ಬಯಲು ಜಾಗ, ಗಾಳಿ ಮೈ ಕೊರೆಯುತ್ತೆ, ಬೇಲಿಯ ಪಕ್ಕದಲ್ಲೇ ನಿಲ್ಲಬಹುದು. ಒಂದು ಸಲ ಹೊಸದಾಗಿ ಡ್ರಾಫ್ಟ್ ಆದ ಹುಡುಗನೊಬ್ಬ ನಮ್ಮ ಎದುರಿಗೇ ಮಾರ್ಕ್ ಹಿಡಿದ, ಅಂದರೆ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಕ್ಯಾಚ್ ಹಿಡಿದ. ಸಾಕ್ಸ್ ಎಳೆದುಕೊಂಡ, ಹುಲ್ಲು ಕಿತ್ತು ಗಾಳಿಗೆ ತೂರಿದ, ಉಸಿರು ಬಿಟ್ಟು ಓಡಿ ಬಂದು ಒದ್ದ. ಎಡಕ್ಕೆ ಹೋಯಿತು. ಹಿಂದಿನಿಂದ ಯಾರೋ ಅವನ ಪಿಕ್ ನಂಬರ್ ಹಿಡಿದು ಹಂಗಿಸಿದರು. ಹುಡುಗ ತಿರುಗಿ ನೋಡಿದ, ಕಿವಿ ಕೆಂಪಾಗಿತ್ತು.

ನನ್ನ ಪಕ್ಕದಲ್ಲಿ ಕೆಂಪು ನೀಲಿ ಮಫ್ಲರ್ ಸುತ್ತಿಕೊಂಡ ವಯಸ್ಸಾದ ಹೆಂಗಸೊಬ್ಬರು ಥರ್ಮಾಸ್‌ನಿಂದ ಟೀ ಬಗ್ಗಿಸುತ್ತಿದ್ದರು. "ಅವನ ಹಲ್ಲಿಗೆ ಇನ್ನೂ ಕ್ಲಿಪ್ ಇದೆ, ನೋಡಿದೆಯಾ?" ಅಂತ ನನ್ನನ್ನು ಕೇಳಿದರು. ಆಮೇಲೆ ಬೇಲಿಗೆ ಬಾಗಿ, ಅವನ ಹೆಸರು ಹಿಡಿದು ಜೋರಾಗಿ ಕೂಗಿದರು: "ಮತ್ತೆ ಒದಿ ಮಗಾ!"