ಎಂಎಸ್ ಪತ್ತೆ ಮಾಡುವುದನ್ನು ಹೊಸ ಡಾಕ್ಟರ್ ಎಲ್ಲಿಂದ ಕಲಿಯಬೇಕು?

ಓದು ಮುಗಿಸಿ ಕಾಸರಗೋಡಿಗೆ ಬಂದಿದ್ದೀರಿ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆಗೆ ಪೆಟ್ಟು ಬೀಳುವ ಕಾಯಿಲೆ) ಕೇಸ್ ನೋಡಿದ್ದು ಕಡಿಮೆ, ಎಂಆರ್‌ಐ ನೋಡಲು ಹೇಗೆ ಕಲಿಯಲಿ ಅಂತ ಕೇಳಿದ್ದೀರಿ. ನಾನು ಇಲ್ಲಿಯವನೇ, ನರರೋಗದ ಡಾಕ್ಟರ್. ನನ್ನ ಜೊತೆ ಒಪಿಯಲ್ಲಿ ಕೂರುವ ಹೊಸಬರಿಗೆ ಮೊದಲ ತಿಂಗಳು ಎಂಆರ್‌ಐ ತೋರಿಸುವುದೇ ಇಲ್ಲ. ಮೊದಲು ಮಾತು ಕೇಳಲಿ.

ನಮ್ಮೂರಲ್ಲಿ ಅದೂ ಸುಲಭ ಅಲ್ಲ. ಒಬ್ಬರು ಜೋಮು ಅಂತಾರೆ, ಇನ್ನೊಬ್ಬರು ಮಲಯಾಳದಲ್ಲಿ ತರಿಪ್ಪು ಅಂತಾರೆ. ಚಿವುಟಿದರೆ ಗೊತ್ತಾಗುವುದಿಲ್ಲವೋ, ಇರುವೆ ಹರಿದ ಹಾಗೋ, ಕಾಲಿಗೆ ಬಲವೇ ಇಲ್ಲವೋ? ಬಿಡಿಸಿ ಕೇಳಬೇಕು. ಆಮೇಲೆ, ಎಷ್ಟು ದಿನ ಇತ್ತು ಅನ್ನುವುದು. ಎಂಎಸ್ ಅಟ್ಯಾಕ್, ಅಂದರೆ ಕಾಯಿಲೆ ಹೊಸದಾಗಿ ಕೆರಳಿದೆ ಅನ್ನಲು, ತೊಂದರೆ ಕನಿಷ್ಠ 24 ಗಂಟೆ ಇರಬೇಕು, ಜ್ವರ, ಸೋಂಕು ಇರಬಾರದು. ಹಂಡೆಯ ಬಿಸಿನೀರು ಮಿಂದು ಬಂದಾಗ ಅರ್ಧ ಗಂಟೆ ಕಣ್ಣು ಮಂಜಾಗಿ ಸರಿಹೋದರೆ ಅದು ಹೊಸ ಅಟ್ಯಾಕ್ ಅಲ್ಲ. ಹಿಂದೆ ಪೆಟ್ಟು ತಿಂದ ನರ ಬಿಸಿಗೆ ಸೋಲುತ್ತದೆ, ಅಷ್ಟೇ. ಇದಕ್ಕೆ ಉಟ್‌ಹಾಫ್ ಅಂತ ಹೆಸರು. ಏಪ್ರಿಲ್ ಸೆಕೆಯಲ್ಲಿ ಇದೇ ದೂರು ಜಾಸ್ತಿ. ಸುಮ್ನೆ ಸ್ಟೆರಾಯ್ಡ್ ಹಾಕಬೇಡಿ.

ನಾನೂ ಎಡವಿದ್ದೇನೆ. ತಲೆನೋವೆಂದು ಬಂದ ಟೀಚರೊಬ್ಬರ ಸ್ಕ್ಯಾನಿನಲ್ಲಿ ನಾಲ್ಕು ಬಿಳಿ ಚುಕ್ಕೆ ನೋಡಿ ಎಂಎಸ್ ಅಂದುಬಿಟ್ಟೆ. ಬರೀ ಮೈಗ್ರೇನ್! ಎರಡು ತಿಂಗಳು ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಚುಕ್ಕೆ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಎಂಎಸ್ ಗುರುತಿಸಲು ಡಾಕ್ಟರುಗಳು ಬಳಸುವ ಮೆಕ್‌ಡೊನಾಲ್ಡ್ ಮಾನದಂಡದ 2017ರ ಆವೃತ್ತಿಯಲ್ಲಿ ಚುಕ್ಕೆ ಹುಡುಕಬೇಕಾದ ನಾಲ್ಕು ಜಾಗ ಇದ್ದವು. 2024ರ ಪರಿಷ್ಕರಣೆ ಕಣ್ಣಿನ ನರವನ್ನೂ ಸೇರಿಸಿತು.

ಎರಡೂ ಕಣ್ಣು ಒಟ್ಟಿಗೆ ಹೋದರೆ, ಬಿಕ್ಕಳಿಕೆ ದಿನಗಟ್ಟಲೆ ನಿಲ್ಲದಿದ್ದರೆ, ಬೆನ್ನುಹುರಿಯ ಗಾಯ ಮೂರು ಎಲುಬಿನಷ್ಟು ಉದ್ದ ಇದ್ದರೆ ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ, ಎಂಎಸ್ ಹಾಗೆ ಕಾಣುವ ಬೇರೆ ಕಾಯಿಲೆ) ಇರಬಹುದು. ಅಕ್ವಾಪೊರಿನ್-4 ಆಂಟಿಬಾಡಿ ಪರೀಕ್ಷೆಗೆ ಕಳಿಸಿ. ಎಂಎಸ್‌ಗೆ ಕೊಡುವ ಇಂಟರ್ಫೆರಾನ್ ಅದನ್ನು ಇನ್ನೂ ಕೆರಳಿಸಬಹುದು.

ಇನ್ನು ನಿಗಾ ಇಡುವುದು. ಕಾರಿಡಾರಿನಲ್ಲಿ 25 ಅಡಿ ಅಳೆದು ಟೇಪ್ ಅಂಟಿಸಿ. ಪ್ರತಿ ಸಲ ನಡೆಯಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ಬರೆದಿಡಿ. ಎಂಎಸ್‌ನಿಂದ ಎಷ್ಟು ತೊಂದರೆಯಾಗಿದೆ ಅಂತ ಅಳೆಯುವ ಇಡಿಎಸ್‌ಎಸ್ ಸ್ಕೋರು 0ಯಿಂದ 10ರವರೆಗೆ ಇದೆ, ಆದರೆ 4 ದಾಟಿದ ಮೇಲೆ ಅದು ಹೆಚ್ಚಾಗಿ ನಡಿಗೆಯನ್ನೇ ನೋಡುತ್ತದೆ. ಕೈ, ಮರೆವು, ಸುಸ್ತು, ಮೂತ್ರದ ಅವಸರ ನೀವೇ ಕೇಳಬೇಕು. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ ಆ ಮಾತು ಎತ್ತುತ್ತಾಳಾ? ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ.

ಸ್ಕ್ಯಾನ್ ಒಂದು ವರ್ಷ ಮಂಗಳೂರಲ್ಲಿ, ಇನ್ನೊಂದು ವರ್ಷ ಕಣ್ಣೂರಲ್ಲಿ ಆದರೆ ಹೋಲಿಸುವುದು ಕಷ್ಟ. ಆದಷ್ಟು ಒಂದೇ ಮೆಷಿನ್ನಿನಲ್ಲಿ ಮಾಡಿಸಿ. ಸಿಡಿ ಜೋಪಾನ ಮಾಡಲು ಹೇಳಿ. ಫಿಲ್ಮು ನಮ್ಮ ಮಳೆಗಾಲಕ್ಕೆ ಒಂದಕ್ಕೊಂದು ಅಂಟಿ ಹಾಳಾಗುತ್ತದೆ.