ಮೀನಿನ ಮೂಗಿನ ಬಗ್ಗೆ ಬರೆದವರಿಗೆ ಒಂದು ಉತ್ತರ

ನಮಸ್ಕಾರ,

ಮೊದಮೊದಲ ಮೀನುಗಳಿಗೆ ವಾಸನೆ ಹಿಡಿಯುವ ಶಕ್ತಿ ಹೇಗೆ ಬಂತು ಅಂತ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಇದರೊಳಗೆ ತುಂಬಾ ಒಳ್ಳೆಯ ಕತೆಯೊಂದಿದೆ, ನೀವು ಅದನ್ನು ಕೊನೆಯ ಪುಟದಲ್ಲಿ ಒಂದೇ ಸಾಲಿಗೆ ಮುಗಿಸಿಬಿಟ್ಟಿದ್ದೀರಿ.

ಮೊದಲು ಶುರುವಿನ ವಿಷಯ. ಶಾರ್ಕ್ ಮೈಲುಗಟ್ಟಲೆ ದೂರದಿಂದ ಒಂದು ಹನಿ ರಕ್ತದ ವಾಸನೆ ಹಿಡಿಯುತ್ತದೆ ಎಂದಿದ್ದೀರಿ. ಎಲ್ಲರೂ ಹೇಳುವ ಮಾತು, ಆದರೆ ನಿಜವಲ್ಲ. ವಾಸನೆ ಅಂದರೆ ನೀರಿನಲ್ಲಿ ಕರಗಿದ ವಸ್ತು. ಅದು ಹರಿವಿನ ಜೊತೆ ಬಂದು ಮೂಗಿನೊಳಗೇ ತಲುಪಬೇಕು, ಅಷ್ಟರಲ್ಲಿ ಎಷ್ಟೋ ತೆಳುವಾಗಿರುತ್ತದೆ. ಅಳೆದು ನೋಡಿದವರಿಗೆ ಅಮೈನೋ ಆಮ್ಲಗಳ (ಪ್ರೋಟೀನಿನ ತುಣುಕುಗಳ) ವಾಸನೆ ಹಿಡಿಯುವುದರಲ್ಲಿ ಶಾರ್ಕ್‌ಗಳು ಉಳಿದ ಮೀನುಗಳಿಗಿಂತ ಅಷ್ಟೇನೂ ಮುಂದೆ ಕಂಡಿಲ್ಲ. ಆ ಪ್ಯಾರಾ ತೆಗೆದುಹಾಕಿ.

ಎರಡನೆಯದು ಇನ್ನೂ ದೊಡ್ಡದು, ಯಾಕಂದರೆ ಇಡೀ ಲೇಖನ ಅದರ ಮೇಲೇ ನಿಂತಿದೆ. ಮೊದಲು ಲ್ಯಾಂಪ್ರೇ (ದವಡೆಯೇ ಇಲ್ಲದ, ಹಾವಿನಂತೆ ಉದ್ದನೆಯ ಮೀನು), ಆಮೇಲೆ ಶಾರ್ಕ್, ಆಮೇಲೆ ಮೂಳೆಮೀನು, ಕೊನೆಗೆ ನಾವು ಅಂತ ಸಾಲಾಗಿ ನಿಲ್ಲಿಸಿದ್ದೀರಿ. ಲ್ಯಾಂಪ್ರೇ ನಮ್ಮ ಮುತ್ತಜ್ಜಿ ಅಲ್ಲ, ದೂರದ ದಾಯಾದಿ. ನಮ್ಮ ವಂಶ ಎಷ್ಟು ಕಾಲ ಬದಲಾಗುತ್ತಾ ಬಂದಿದೆಯೋ ಅದರ ವಂಶವೂ ಅಷ್ಟೇ ಕಾಲದಿಂದ ಬದಲಾಗುತ್ತಾ ಬಂದಿದೆ. ಇವತ್ತಿನ ಲ್ಯಾಂಪ್ರೇಯಲ್ಲಿ ಕಂಡದ್ದೆಲ್ಲ ಹಳೆಯದು ಅಂತ ಸುಮ್ನೆ ಹೇಳಲು ಬರುವುದಿಲ್ಲ, ಪಳೆಯುಳಿಕೆಯ ಜೊತೆ ಇಟ್ಟು ನೋಡಬೇಕು. ಹಾಗೆಯೇ 'ಬೇಟೆ ಹುಡುಕಲೆಂದು ಮೀನು ಎರಡು ಮೂಗು ಬೆಳೆಸಿಕೊಂಡಿತು' ಎಂಬ ಸಾಲು. ಯಾವ ಮೀನೂ ಹಾಗೆ ಬೇಕೆಂದು ಬೆಳೆಸಿಕೊಳ್ಳಲಿಲ್ಲ. ಆದ ಬದಲಾವಣೆಯಲ್ಲಿ ಅನುಕೂಲವಾದದ್ದು ಉಳಿಯಿತು, ಅಷ್ಟೇ.

ಈಗ ನಿಮ್ಮ ನಿಜವಾದ ಕತೆಗೆ ಬರೋಣ: ಒಂದು ಮೂಗು ಎರಡಾದದ್ದು ಯಾವಾಗ? ಲ್ಯಾಂಪ್ರೇಯ ತಲೆಯನ್ನು ಮೇಲಿನಿಂದ ನೋಡಿದರೆ ಕಣ್ಣುಗಳಿಗಿಂತ ಸ್ವಲ್ಪ ಮುಂದೆ, ನಟ್ಟನಡುವೆ ಒಂದೇ ಒಂದು ಹೊಳ್ಳೆ ಕಾಣುತ್ತದೆ. ಒಳಗೆ ಹೋದ ಕೊಳವೆ ಮೆದುಳಿನ ಕೆಳಗೆ ಚೀಲದಂತೆ ಮುಚ್ಚಿಕೊಳ್ಳುತ್ತದೆ. ಅದರಂತೆಯೇ ದವಡೆಯಿಲ್ಲದ ಹ್ಯಾಗ್‌ಫಿಶ್ ಎಂಬ ಮೀನಿಗೂ ಒಂದೇ ಹೊಳ್ಳೆ, ಆದರೆ ಅದು ಮೂತಿಯ ತುದಿಯಲ್ಲಿದ್ದು ಗಂಟಲಿಗೆ ತೆರೆದುಕೊಳ್ಳುತ್ತದೆ, ಉಸಿರಿನ ನೀರು ಅಲ್ಲಿಂದಲೇ ಹೋಗುತ್ತದೆ. ದವಡೆ ಇರುವ ಮೀನುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಮೂಗಿನ ಚೀಲ. ಲ್ಯಾಂಪ್ರೇಯ ಭ್ರೂಣದಲ್ಲಿ ಮೂಗು ಮತ್ತು ಪಿಟ್ಯುಟರಿ (ಮೆದುಳಿನ ಬುಡದಲ್ಲಿರುವ ಹಾರ್ಮೋನ್ ಗ್ರಂಥಿ) ಎರಡೂ ನಡುವಿನ ಒಂದೇ ಜೀವಕೋಶಗಳ ತೇಪೆಯಿಂದ ಹುಟ್ಟುತ್ತವೆ, ಆ ತೇಪೆ ದಾರಿಗೆ ಅಡ್ಡ ಕೂತಿರುತ್ತದೆ, ಹಾಗಾಗಿ ದವಡೆ ಮೀನುಗಳಲ್ಲಿ ಮುಖ ಕಟ್ಟಲು ಮುಂದೆ ಸರಿದು ಬರುವ ಜೀವಕೋಶಗಳಿಗೆ ಇಲ್ಲಿ ಜಾಗವೇ ಇಲ್ಲ. ಅಂದರೆ ಮೂಗಿನ ಪ್ರಶ್ನೆಯೂ ದವಡೆಯ ಪ್ರಶ್ನೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಯಾವುದು ಮೊದಲು?

ಇದಕ್ಕೆ ಉತ್ತರ ಕೊಡುವುದು ನೀವು 'ಚೀನಾದಲ್ಲೂ ಒಂದು ಪಳೆಯುಳಿಕೆ ಸಿಕ್ಕಿದೆ' ಎಂದು ಬರೆದು ಮುಂದೆ ಹೋದ ಶುಯು. ಝೆಜಿಯಾಂಗ್‌ನ ಈ ಮೀನಿಗೆ ಸುಮಾರು 43 ಕೋಟಿ ವರ್ಷ ವಯಸ್ಸು, ತಲೆಬುರುಡೆ ಉಗುರಿನಷ್ಟು. ಗೈ ಝಿಕುನ್ ಮತ್ತು ಸಂಗಡಿಗರು ಅದನ್ನು ಒಡೆಯದೆ ಸಿಂಕ್ರೊಟ್ರಾನ್ ಎಂಬ ಯಂತ್ರದ ತೀಕ್ಷ್ಣ ಎಕ್ಸ್‌ರೇಯಲ್ಲಿ ಒಳಗೆಲ್ಲ ನೋಡಿ 2011ರಲ್ಲಿ ವಿವರ ಪ್ರಕಟಿಸಿದರು. ಹೊರಗೆ ನಡುವೆ ಒಂದೇ ರಂಧ್ರ. ದವಡೆ ಇಲ್ಲ. ಆದರೆ ಒಳಗೆ ಮೂಗಿನ ಚೀಲಗಳು ಎರಡು, ಪಕ್ಕಕ್ಕೆ ಸರಿದಿವೆ, ಪಿಟ್ಯುಟರಿಯ ಕೊಳವೆಯಿಂದ ಬೇರೆಯಾಗಿವೆ! ದವಡೆಗಿಂತ ಮೊದಲೇ ಮೂಗು ಎರಡಾಗಿತ್ತು ಎಂದಾಯಿತು. ಇದನ್ನು ಓದಿದಾಗ ನಿಮಗೂ ಮೈ ಜುಮ್ಮೆಂದಿರಬೇಕು, ಅಲ್ವಾ? ಆ ಖುಷಿ ಲೇಖನದಲ್ಲಿ ಬರಲಿ, ಕನಿಷ್ಠ ಎರಡು ಪುಟ ಕೊಡಿ.

ಜೀನ್‌ಗಳ ಭಾಗ ಜಾಸ್ತಿಯಾಯಿತು. ವಿಜ್ಞಾನಿಗಳಾದ ಬಕ್ ಮತ್ತು ಆಕ್ಸೆಲ್ 1991ರಲ್ಲಿ ಇಲಿಯಲ್ಲಿ ವಾಸನೆ ಗ್ರಾಹಕಗಳ (ಮೂಗಿನಲ್ಲಿ ವಾಸನೆ ಹಿಡಿಯುವ ಪ್ರೋಟೀನ್‌ಗಳ) ಜೀನ್‌ಗಳನ್ನು ಕಂಡುಹಿಡಿದರು ಎಂದು ಹೇಳಿ, ಮೀನುಗಳಲ್ಲಿ ಅವುಗಳ ಸಂಖ್ಯೆ ಇಲಿಗಿಂತ ತುಂಬಾ ಕಡಿಮೆ, ಆದರೆ ಹಳೆಯ ಬಗೆಗಳು ಹೆಚ್ಚು ಉಳಿದಿವೆ ಎಂದರೆ ಸಾಕು.

ಮುಟ್ಟಬೇಡಿ ಎನ್ನುವ ಪ್ಯಾರಾ ಒಂದಿದೆ. ಕೆಸರಿನಲ್ಲಿ ಹೂತು ಬೆಳೆಯುವ ಲ್ಯಾಂಪ್ರೇ ಮರಿಗಳು ಬಿಡುವ ಪಿತ್ತರಸದ ಆಮ್ಲಗಳ ವಾಸನೆ ಹಿಡಿದು ದೊಡ್ಡವು ಮೊಟ್ಟೆಯಿಡಲು ಆ ಹೊಳೆಗೆ ಏರಿ ಬರುವುದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಮನುಷ್ಯನ ಮೂಗಿನವರೆಗೆ ಹೋಗಲೇಬೇಕು ಅನಿಸಿದರೆ ಕೆನಿಕ್ತಿಸ್ ಎಂಬ ಪಳೆಯುಳಿಕೆ ಮೀನಿನ ಮೂಲಕ ಹೋಗಿ. ಮೀನಿನ ಮೂಗಿನ ಪ್ರತಿ ಚೀಲಕ್ಕೆ ಮುಂದೊಂದು ಹಿಂದೊಂದು ಹೊಳ್ಳೆ, ಆ ಹಿಂಬದಿಯದೇ ನಮ್ಮಲ್ಲಿ ಮೂಗಿನಿಂದ ಗಂಟಲಿಗೆ ತೆರೆಯುವ ದಾರಿ. 39 ಕೋಟಿಗೂ ಹೆಚ್ಚು ವರ್ಷ ಹಳೆಯ ಕೆನಿಕ್ತಿಸ್‌ನಲ್ಲಿ ಹಿಂಬದಿಯ ಹೊಳ್ಳೆ ಹೊರಗೂ ಅಲ್ಲ ಒಳಗೂ ಅಲ್ಲ, ಹಲ್ಲಿನ ಸಾಲಿನ ನಡುವೆ ಬಂದು ನಿಂತಿದೆ. ಇಲ್ಲದಿದ್ದರೆ ಶುಯುಗೇ ನಿಲ್ಲಿಸಿ.

ಲ್ಯಾಂಪ್ರೇ, ಶುಯು, ಶಾರ್ಕ್ ಮೂರರ ತಲೆಗಳ ಚಿತ್ರ ಪಕ್ಕಪಕ್ಕದಲ್ಲಿ ಬೇಕು. ನೀವು ಪೆನ್ಸಿಲ್‌ನಲ್ಲಿ ಗೀಚಿ ಹೊಳ್ಳೆ ಎಲ್ಲಿ ಅಂತ ಗುರುತು ಹಾಕಿ ಕಳಿಸಿದರೂ ಆಯಿತು, ನಮ್ಮ ಚಿತ್ರಕಾರರು ತಿದ್ದಿ ಬರೆಯುತ್ತಾರೆ.